ಆರನೇ ಇನಿಂಗ್ಸಿನ ಖಾಲಿ ಮನೆ

ನಾನು ಕ್ರಿಕೆಟ್ ಆಡಿದವನಲ್ಲ, ಬರೆದವನು. ಬರೆದವನು ಅಂದ್ರೆ ಪೇಪರಿಗೆ ವರದಿ ಅಲ್ಲ, ಸ್ಕೋರು. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾಗ ರಜೆ ಸಿಕ್ಕ ಭಾನುವಾರಗಳನ್ನೆಲ್ಲ ಲೀಗ್ ಪಂದ್ಯಗಳಿಗೆ ಕೊಟ್ಟೆ. ಹೀಗೆ 28 ವರ್ಷ. ಶಾಮಿಯಾನದ ಕೆಳಗೆ ಒಂದು ಟೇಬಲ್ಲು, ಎರಡು ಕುರ್ಚಿ, ಗಾಳಿಗೆ ಹಾಳೆ ಹಾರದ ಹಾಗೆ ಮೇಲೊಂದು ಕಲ್ಲು. ನಾಲ್ಕು ಬಣ್ಣದ ಪೆನ್ನು, ಒಬ್ಬೊಬ್ಬ ಬೌಲರ್‌ಗೆ ಒಂದೊಂದು ಬಣ್ಣ. ಮಧ್ಯಾಹ್ನ ಮಿರ್ಚಿ ಭಜಿ ಬಂದರೆ ಎಡಗೈಯಲ್ಲೇ ತಿನ್ನಬೇಕು. ಬಲಗೈಗೆ ಎಣ್ಣೆ ತಾಗಿದರೆ ಹಾಳೆ ಕೆಟ್ಟಿತು ಅಂತಲೇ ಲೆಕ್ಕ.

ಈಗ ನಿವೃತ್ತಿ. ಟೆಕ್ಸಸ್ ರಾಜ್ಯದ ಆಸ್ಟಿನ್ ಪಕ್ಕ ರೌಂಡ್ ರಾಕ್ ಅಂತ ಊರಿದೆ, ಅಲ್ಲಿ ಮಗಳ ಮನೆಗೆ ನಾಲ್ಕು ತಿಂಗಳ ಮಟ್ಟಿಗೆ ಬಂದಿದ್ದೇನೆ. ಮಾರ್ಚ್ ತಿಂಗಳಲ್ಲಿ ಇಲ್ಲಿ ಓಕ್ ಮರಗಳು ಹಳದಿ ಪುಡಿ ಉದುರಿಸುತ್ತವೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಅರಿಶಿನ ಹಚ್ಚಿಕೊಂಡ ಮದುಮಗಳ ಹಾಗಿರುತ್ತದೆ. ಎಂಟು ವರ್ಷದ ಮೊಮ್ಮಗಳು ಅದರ ಮೇಲೆ ಬೆರಳಲ್ಲಿ ತನ್ನ ಹೆಸರು ಬರೆಯುತ್ತಾಳೆ. ನಾನು ಸೀನುತ್ತೇನೆ. ಇದು ನಮ್ಮಿಬ್ಬರ ಬೆಳಗಿನ ಕಾರ್ಯಕ್ರಮ.

ನಾನು ಮೊಬೈಲಿನಲ್ಲಿ ಹಳೇ ರಣಜಿ ಪಂದ್ಯಗಳ ತುಣುಕು ನೋಡ್ತಾ ಕೂರೋದು ಕಂಡು ಮಗಳಿಗೆ ಬೇಜಾರಾಗಿರಬೇಕು. ಒಂದು ದಿನ ಹೇಳಿದಳು, "ಅಪ್ಪಾ, ಭಾನುವಾರ ಯೂನಿವರ್ಸಿಟಿ ಬೇಸ್‌ಬಾಲ್ ಮ್ಯಾಚ್ ಐತಿ. ಮೂರು ಟಿಕೆಟ್ ತಗೊಂಡೀನಿ." ಯಾವ ತಂಡ, ಎಷ್ಟು ಹೊತ್ತಿಗೆ ಅಂತ ನಾನು ಕೇಳಲಿಲ್ಲ. "ಅಲ್ಲಿ ಸ್ಕೋರ್ ಹೆಂಗ ಬರೀತಾರ?" ಅಂದೆ. ಅವಳು ತಲೆ ಚಚ್ಚಿಕೊಂಡಳು. ಆದರೆ ಸಂಜೆ ಖಾಲಿ ಸ್ಕೋರ್ ಹಾಳೆಗಳನ್ನು ಪ್ರಿಂಟ್ ಮಾಡಿ ತಂದಿಟ್ಟಳು.

ಒಂದು ವಾರ ಓದಿದೆ. ಪರೀಕ್ಷೆಗೆ ಓದಿದ ಹಾಗೆಯೇ.

ಹಾಳೆಯಲ್ಲಿ ಎಡಗಡೆ ಒಂಬತ್ತು ಆಟಗಾರರ ಹೆಸರು. ಮೇಲೆ ಒಂದರಿಂದ ಒಂಬತ್ತು ಇನಿಂಗ್ಸ್. ಇಲ್ಲಿ ಒಂದೊಂದು ಇನಿಂಗ್ಸಿನಲ್ಲೂ ಎರಡೂ ತಂಡ ಬ್ಯಾಟ್ ಹಿಡಿಯುತ್ತವೆ, ಮೂವರು ಔಟಾದರೆ ಸರದಿ ಬದಲು. ನಡುವೆ ಚೌಕ ಚೌಕ. ನಾನು ಅವನ್ನು ಮನೆ ಅಂತಲೇ ಕರೆಯೋದು, ಚೌಕಾಬಾರದ ಮನೆ ಇದ್ದ ಹಾಗೆ. ಪ್ರತಿ ಮನೆಯೊಳಗೂ ಸಣ್ಣದೊಂದು ವಜ್ರಾಕೃತಿ, ಅದರ ನಾಲ್ಕು ಮೂಲೆ ಅಂದ್ರೆ ನಾಲ್ಕು ಬೇಸ್. ಹುಡುಗ ಒಂದನೇ ಬೇಸ್ ಮುಟ್ಟಿದರೆ ಒಂದು ಗೆರೆ ಎಳಿ, ಎರಡನೇದಕ್ಕೆ ಹೋದರೆ ಇನ್ನೊಂದು ಗೆರೆ. ಸುತ್ತು ಮುಗಿಸಿ ಬ್ಯಾಟ್ ಬೀಸಿದ ಮೂಲೆಗೆ, ಅಂದ್ರೆ ಹೋಮ್‌ಗೆ ಬಂದರೆ ವಜ್ರ ತುಂಬಿತು, ಒಂದು ರನ್ನು.

ಫೀಲ್ಡರ್‌ಗಳಿಗೆ ಇಲ್ಲಿ ಅಂಕಿ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಒಂದನೇ ಬೇಸ್ 3, ಎರಡನೇದು 4, ಮೂರನೇದು 5, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹಿಂದೆ ಎಡಕ್ಕೆ ನಿಂತವನು 7, ನಡುವೆ 8, ಬಲಕ್ಕೆ 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ ಕೊಟ್ಟು, ಅವನು ಒಂದನೇ ಬೇಸಿಗೆ ಎಸೆದು ಇಬ್ಬರು ಔಟಾದರೆ 6-4-3. ಅಷ್ಟೇ. ಮೂರು ಅಂಕಿಯಲ್ಲಿ ಇಡೀ ಕಥೆ. ನಾವು "ಕ್ಯಾಚ್ ಇಂಥವನು, ಬೌಲ್ಡ್ ಇಂಥವನು" ಅಂತ ಸಣ್ಣ ಜಾಗದಲ್ಲಿ ಹೆಸರು ತುರುಕಿದ್ದು ನೆನೆದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮೂರು ಒಳ್ಳೆಯ ಎಸೆತ ಕೈತಪ್ಪಿ ಔಟಾಗೋದು ಸ್ಟ್ರೈಕ್‌ಔಟ್, ಅದಕ್ಕೆ ಇಂಗ್ಲಿಷಿನ 'ಕೆ' ಬರೆಯಬೇಕು. ಬ್ಯಾಟ್ ಬೀಸದೆ ಸುಮ್ನೆ ನೋಡುತ್ತಾ ನಿಂತು ಔಟಾದರೆ ಅದೇ 'ಕೆ' ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಯಾಕೆ 'ಕೆ'? ಹೆನ್ರಿ ಚಾಡ್ವಿಕ್ ಅಂತೊಬ್ಬರಿದ್ದರು. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕ್ ಪಕ್ಕದ ಬ್ರೂಕ್ಲಿನ್‌ಗೆ ಬಂದವರು. ಬೇಸ್‌ಬಾಲ್‌ನ ಬಾಕ್ಸ್ ಸ್ಕೋರ್ ಅನ್ನೋ ಅಂಕಿಪಟ್ಟಿ, ಈ ಗುರುತುಗಳ ಪದ್ಧತಿ, ಎಲ್ಲಕ್ಕೂ ಅವರೇ ಮೂಲಪುರುಷ. 'ಎಸ್' ಬೇರೆ ಕಡೆ ಬಳಸಿಯಾಗಿತ್ತು, ಅದಕ್ಕೆ 'ಸ್ಟ್ರಕ್' ಅನ್ನೋ ಪದದ ಕೊನೆಯ ಅಕ್ಷರ ತಗೊಂಡರಂತೆ. ಅದಕ್ಕೂ ಮೊದಲು ಅವರು ಮಾಡ್ತಿದ್ದ ಕೆಲಸ ಏನು ಗೊತ್ತೇ? ಕ್ರಿಕೆಟ್ ವರದಿ! ಅಂದ್ರೆ ನಮ್ಮವರೇ ಅಲ್ವಾ. ನನಗೆ ಆವತ್ತಿನಿಂದ ಅಮೆರಿಕ ಅಷ್ಟೊಂದು ಪರದೇಶ ಅನಿಸಲಿಲ್ಲ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಆಟ. ಹನ್ನೊಂದಕ್ಕೇ ಹೊರಟೆವು, ನನ್ನ ಒತ್ತಾಯಕ್ಕೆ. ಟಾಸ್‌ಗೆ ಮುಂಚೆ ಸ್ಕೋರರ್ ಕೂತಿರಬೇಕು ಅನ್ನೋದು ನನ್ನ ಪದ್ಧತಿ. "ಅಪ್ಪಾ, ಅಲ್ಲಿ ಟಾಸೇ ಇಲ್ಲ" ಅಂದಳು ಮಗಳು. ಸಾಮಾನ್ಯವಾಗಿ ಆತಿಥೇಯ ತಂಡ ಎರಡನೇದಾಗಿ ಬ್ಯಾಟ್ ಮಾಡುತ್ತದೆ. ನಾಣ್ಯದ ಗೊಡವೆಯೇ ಇಲ್ಲ.

ದಾರಿಗೆ ಅಂತ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡಿದ್ದೆ. ಒಳಗೆ ಹೊರಗಿನ ತಿಂಡಿ ಬಿಡೋದಿಲ್ಲ ಅಂತ ಮಗಳು ಹೇಳಿದ್ದಕ್ಕೆ ಕಾರಲ್ಲೇ ಕೂತು ಖಾಲಿ ಮಾಡಿದೆವು. ಚೀಲವೂ ಹಾಗೇ, ಒಳಗಿರೋದೆಲ್ಲ ಹೊರಗೆ ಕಾಣೋ ಪ್ಲಾಸ್ಟಿಕ್ ಚೀಲ ಮಾತ್ರ ಒಳಗೆ ಹೋಗುತ್ತದೆ. ನನ್ನ ಬಿಪಿ ಮಾತ್ರೆ, ಮೂಗಿನ ಸ್ಪ್ರೇ, ನಾಲ್ಕು ಬಣ್ಣದ ಪೆನ್ನು, ಎಲ್ಲ ಊರಿಗೆಲ್ಲ ಕಾಣುವ ಹಾಗೆ ಹೆಗಲಿಗೆ ಹಾಕಿಕೊಂಡು ನಡೆದೆ. ಮೊಮ್ಮಗಳು ತನ್ನ ಶಾಲೆಯ ಪರೀಕ್ಷೆ ಪ್ಯಾಡ್ ನನಗೆ ಸಾಲ ಕೊಟ್ಟಿದ್ದಳು. ಹಿಂದೆ ಕುದುರೆ ಚಿತ್ರ ಅಂಟಿಸಿದ್ದು.

ಸ್ಟೇಡಿಯಂ ಹೆಸರು ಡಿಶ್-ಫಾಕ್ ಫೀಲ್ಡ್. ಈಗ ಮುಂದೆ ಒಂದು ಸಹಕಾರಿ ಹಣಕಾಸು ಸಂಸ್ಥೆಯ ಹೆಸರೂ ಸೇರಿದೆ. ಬಿಲ್ಲಿ ಡಿಶ್, ಬಿಬ್ ಫಾಕ್ ಅಂತ ಇಬ್ಬರು ಹಳೆಯ ಕೋಚ್‌ಗಳ ನೆನಪಿಗೆ ಇಟ್ಟ ಹೆಸರು. ಐ-35 ಹೆದ್ದಾರಿಯ ಪಕ್ಕದಲ್ಲೇ ಇದೆ. 1975ರಲ್ಲಿ ಶುರುವಾಗಿದ್ದು. ಸುಮಾರು 7,000 ಜನ ಕೂರಬಹುದು. ಹುಲ್ಲು ನಿಜವಾದ್ದಲ್ಲ, ಹಾಸಿದ್ದು. ಬಗ್ಗಿ ನೋಡಿದರೆ ಕಾರ್ಪೆಟ್. ಇದು ನನಗೆ ಹಿಡಿಸಲಿಲ್ಲ, ಹೇಳಿಬಿಡ್ತೀನಿ. ಇದಕ್ಕೂ ಮೊದಲು ಇವರು ಆಡ್ತಿದ್ದ ಕ್ಲಾರ್ಕ್ ಫೀಲ್ಡ್ ಅನ್ನೋ ಮೈದಾನದಲ್ಲಿ ಔಟ್‌ಫೀಲ್ಡಿನ ಒಳಗೇ ಸುಣ್ಣದ ಕಲ್ಲಿನ ಬಂಡೆ ಇತ್ತಂತೆ, ಆಳೆತ್ತರಕ್ಕೂ ಜಾಸ್ತಿ. ಚೆಂಡು ಮೇಲೆ ಹೋದರೆ ಫೀಲ್ಡರ್ ಮೇಕೆಯ ಹಾಗೆ ಹತ್ತಿ ತರಬೇಕು. ಜನ ಅದನ್ನು ಬಿಲ್ಲಿ ಗೋಟ್ ಹಿಲ್ ಅಂತಲೇ ಕರೆಯುತ್ತಿದ್ದರು. ಅಂಥ ಮೈದಾನ ಬಿಟ್ಟು ಕಾರ್ಪೆಟ್ಟಿಗೆ ಬಂದರಲ್ಲ.

ಒಳಗೆ ಎಲ್ಲೆಲ್ಲೂ ಒಂದೇ ಬಣ್ಣ. ಇವರು ಅದಕ್ಕೆ ಸುಟ್ಟ ಕಿತ್ತಳೆ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಮಂಗಳೂರು ಹೆಂಚಿನ ಬಣ್ಣ, ಎರಡು ಮಳೆಗಾಲ ಕಂಡ ಹೆಂಚಿನದು. ಹೆಂಚಿನ ಟೋಪಿ, ಹೆಂಚಿನ ಅಂಗಿ, ಒಂದು ಕೂಸಿಗೆ ಹೆಂಚಿನ ಕುಲಾವಿ. ಎಲ್ಲರೂ ತೋರುಬೆರಳು ಕಿರುಬೆರಳು ಎತ್ತಿ ಎತ್ತಿನ ಕೊಂಬು ತೋರಿಸುತ್ತಾರೆ. ಮೊಮ್ಮಗಳಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ನನ್ನ ಬೆರಳುಗಳು ಅಷ್ಟು ಮಾತು ಕೇಳಲಿಲ್ಲ.

ಇಲ್ಲಿಯ ಟೆಕ್ಸಸ್ ಯೂನಿವರ್ಸಿಟಿ ತಂಡ ಕಾಲೇಜು ಬೇಸ್‌ಬಾಲ್‌ನಲ್ಲಿ ಆರು ಸಲ ರಾಷ್ಟ್ರೀಯ ಚಾಂಪಿಯನ್. ಕೊನೆಯದು 2005ರಲ್ಲಿ. ಆ ವರ್ಷಗಳನ್ನೆಲ್ಲ ದೊಡ್ಡದಾಗಿ ಬರೆದು ಹಾಕಿದ್ದಾರೆ. ಎದುರಾಳಿ ದೂರದ ಒಂದು ಕಾಲೇಜು. ಅದರ ಹೆಸರು ಬರೆಯೋದಿಲ್ಲ, ಯಾಕಂದ್ರೆ ಅವರ ಹುಡುಗನೊಬ್ಬನ ಬಗ್ಗೆ ಜಾಸ್ತಿ ಬರೆಯೋದಿದೆ. ಈ ಕಾಲೇಜು ತಂಡಗಳು ಶುಕ್ರವಾರ, ಶನಿವಾರ, ಭಾನುವಾರ ಅಂತ ಒಂದೇ ಊರಲ್ಲಿ ಮೂರು ಪಂದ್ಯ ಆಡುತ್ತವೆ. ಅತಿ ಒಳ್ಳೆಯ ಪಿಚರ್ ಶುಕ್ರವಾರಕ್ಕೆ, ಎರಡನೆಯವನು ಶನಿವಾರಕ್ಕೆ. ಭಾನುವಾರ ಬರೋದು ಮೂರನೆಯವನು. ಮಗಳು ಹಾಗಂದಾಗ ನನಗೆ ಖುಷಿಯೇ ಆಯಿತು. ನನ್ನ ಇಡೀ ಸ್ಕೋರಿಂಗ್ ಜೀವನವೇ ಭಾನುವಾರದ ಮೂರನೆಯವರ ನಡುವೆ ಕಳೆದದ್ದು.

ನನ್ನ ಪಕ್ಕದ ಸೀಟಿಗೆ 75 ದಾಟಿದ ಹಿರಿಯರೊಬ್ಬರು ಬಂದು ಕೂತರು. ಹೆಂಚಿನ ಟೋಪಿಯ ಅಂಚು ಬೆವರಿಗೆ ಬಿಳಿಚಿಹೋಗಿತ್ತು. ಕೂತವರೇ ತೊಡೆಯ ಮೇಲೆ ಒಂದು ಸ್ಕೋರ್‌ಬುಕ್ ಬಿಡಿಸಿದರು. ಕಿವಿ ಮೇಲಿಂದ ಪೆನ್ಸಿಲ್ ತೆಗೆದರು. ನಾನು ಕುದುರೆ ಪ್ಯಾಡ್ ತೆಗೆದೆ. ಅವರು ನನ್ನ ಹಾಳೆ ನೋಡಿದರು, ನನ್ನ ಪೆನ್ನು ನೋಡಿದರು, ಏನೋ ಅಂದರು. ಟೆಕ್ಸಸ್ ಮುದುಕರ ಇಂಗ್ಲಿಷು ನನಗೆ ಅರ್ಧ ಗಾಳಿಯಲ್ಲೇ ಹೋಗುತ್ತದೆ. ಮಗಳು ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡಿದಳು. "ಪೆನ್ನಿನಲ್ಲಿ ಬರೀತೀರಾ? ಧೈರ್ಯಸ್ಥರು" ಅಂದರಂತೆ.

ಧೈರ್ಯದ ಮಾತಲ್ಲ ಅದು. ನಮ್ಮಲ್ಲಿ ರಬ್ಬರ್ ಹಿಡಿದ ಸ್ಕೋರರ್‌ನನ್ನು ಯಾರೂ ನಂಬೋದಿಲ್ಲ.

ಆಟ ಶುರುವಾಯಿತು. ಮೊದಲು ಗಮನಕ್ಕೆ ಬಂದದ್ದು ಸದ್ದು. ಕಾಲೇಜಿನಲ್ಲಿ ಲೋಹದ ಬ್ಯಾಟು. ಮರದ 'ಟಕ್' ಇಲ್ಲ, 'ಟಣ್' ಅನ್ನುತ್ತದೆ, ಸ್ಟೀಲ್ ಚೊಂಬಿಗೆ ಸೌಟು ಬಡಿದ ಹಾಗೆ. ಪಿಚರ್ ನಿಲ್ಲೋದು ಹೋಮ್‌ನಿಂದ 60 ಅಡಿ 6 ಇಂಚು ದೂರ. ನಮ್ಮ 22 ಗಜ ಅಂದ್ರೆ 66 ಅಡಿ. ಹೆಚ್ಚುಕಡಿಮೆ ಅಷ್ಟೇ ದೂರದಿಂದ, ಪುಟಿಸದೆ, ಅಷ್ಟು ಜೋರಾಗಿ ಬರುತ್ತದೆ. ಕ್ಯಾಚರ್ ಹಿಂದಿನ ಸಾಲುಗಳಲ್ಲಿ ಮೂರ್ನಾಲ್ಕು ಜನ ಹೇರ್ ಡ್ರೈಯರ್ ಥರದ ವೇಗಮಾಪಕ ಹಿಡಿದು ಕೂತಿದ್ದರು. ದೊಡ್ಡ ಲೀಗಿನ ತಂಡಗಳ ಕಡೆಯ ಸ್ಕೌಟ್‌ಗಳು. ಮೂರು ವರ್ಷ ಓದಿದ, ಇಲ್ಲವೇ 21 ತುಂಬಿದ ಹುಡುಗರನ್ನು ಆ ತಂಡಗಳು ಆರಿಸಿಕೊಳ್ಳಬಹುದು. ಮದುವೆ ಮನೆಯಲ್ಲಿ ಹೆಣ್ಣು ನೋಡಲು ಬಂದವರ ಹಾಗೆ ಮುಖದಲ್ಲಿ ಏನೂ ತೋರಿಸದೆ ಬರೆದುಕೊಳ್ಳುತ್ತಿದ್ದರು.

ಮೊದಲ ಇನಿಂಗ್ಸಿನಲ್ಲಿ ಎದುರಾಳಿಗೆ ಒಂದು ರನ್ನು. ನನ್ನ ಮೊದಲ ತಿರುಗು 'ಕೆ' ಬರೆದೆ. ಅದು ಸರಿಯಾಗಿ ತಿರುಗಿದೆಯೇ ಅಂತ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಪಕ್ಕದವರು ನಕ್ಕರು. ಎರಡನೇದು ಸಪ್ಪೆ.

ಮೂರನೇ ಇನಿಂಗ್ಸಿನಲ್ಲಿ ಟೆಕ್ಸಸ್‌ನವರು ಒಂದು ರನ್ನು ಹೊಡೆದು ಸಮ ಮಾಡಿದ್ದರು. ಇಬ್ಬರು ಔಟಾಗಿದ್ದರು. ಎರಡನೇ ಬೇಸಿನಲ್ಲಿ ಒಬ್ಬ ಓಟಗಾರ. ಬ್ಯಾಟರ್ ಹೊಡೆದ ಚೆಂಡು ನೆಲ ಹಿಡಿದು ಶಾರ್ಟ್‌ಸ್ಟಾಪ್‌ನ ಬಲಕ್ಕೆ ಹೋಯಿತು, ಮೂರನೇ ಬೇಸಿನ ಹುಡುಗನೂ ಮುಟ್ಟಲಾರದ ಸಂದಿಗೆ. ಶಾರ್ಟ್‌ಸ್ಟಾಪ್ ತೆಳ್ಳನೆಯ ಹುಡುಗ, ಪ್ಯಾಂಟನ್ನು ಮೊಣಕಾಲ ತನಕ ಎತ್ತಿ ಕಟ್ಟಿದ್ದ. ನಾಲ್ಕು ಹೆಜ್ಜೆ ಓಡಿ, ಕೈಯನ್ನು ಅಡ್ಡ ತಿರುಗಿಸಿ, ಗ್ಲೌಸ್ ಚಾಚಿದ. ಚೆಂಡು ಗ್ಲೌಸಿನ ಬುಡಕ್ಕೆ ಬಡಿದು ಪಕ್ಕಕ್ಕೆ ಉರುಳಿತು. ಹೆಕ್ಕಿಕೊಳ್ಳುವಷ್ಟರಲ್ಲಿ ಒಬ್ಬ ಹೋಮ್ ಮುಟ್ಟಿದ್ದ, ಇನ್ನೊಬ್ಬ ಒಂದನೇ ಬೇಸ್ ದಾಟಿದ್ದ. ಬೋರ್ಡಿನಲ್ಲಿ ರನ್ನಿನ ಪಕ್ಕ ಹಿಟ್, ಅಂದ್ರೆ ಚೆಂಡು ಹೊಡೆದು ಬೇಸ್ ಸೇರಿದ್ದರ ಲೆಕ್ಕ, ಅದರ ಪಕ್ಕ 'ಇ' ಅಂತ ಒಂದು ಕಾಲಂ ಇದೆ. 'ಇ' ಅಂದ್ರೆ ಎರರ್, ತಪ್ಪು. ಅಲ್ಲಿ 0 ಇದ್ದದ್ದು 1 ಆಯಿತು.

ಹುಡುಗ ಬೋರ್ಡಿನ ಕಡೆ ನೋಡಲಿಲ್ಲ. ಗ್ಲೌಸಿನೊಳಗೆ ಒಮ್ಮೆ ನೋಡಿದ, ಅಲ್ಲೇನೋ ಬರೆದಿದೆ ಅನ್ನೋ ಹಾಗೆ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಾಲಿನಿಂದ ತಾನು ನಿಂತ ಜಾಗ ಸವರಿದ. ಅಲ್ಲಿ ಸವರೋಕೆ ಮಣ್ಣೇ ಇಲ್ಲ, ಎಲ್ಲ ಹಾಸಿದ್ದು.

ನಾನು 'ಇ6' ಬರೆದೆ. ಬರೆಯುವಾಗ ಕೈ ಹಿಂಜರಿಯಿತು. ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ ಕೈಬಿಟ್ಟ ಕ್ಯಾಚಿಗೆ ಕಾಲಂ ಇಲ್ಲ. ಕಾಲ ಸಂದಿಯಿಂದ ಚೆಂಡು ಬಿಟ್ಟು ನಾಲ್ಕು ರನ್ ಕೊಟ್ಟವನ ಹೆಸರು ಎಲ್ಲೂ ಬರೋದಿಲ್ಲ. ಬೌಲರ್ ಲೆಕ್ಕಕ್ಕೆ ನಾಲ್ಕು ಬಿತ್ತು, ಮುಗೀತು. ಕ್ಯಾಪ್ಟನ್ ಬೈದ, ಅದೂ ಮುಗೀತು. ಇಲ್ಲಿ ಮಾತ್ರ ಒಬ್ಬ 20 ವರ್ಷದ ಹುಡುಗನ ತಪ್ಪನ್ನು ವಿದ್ಯುತ್ ದೀಪದಲ್ಲಿ ಬರೆದು ಸಾವಿರಾರು ಜನರ ಮುಂದೆ ಸಂಜೆ ತನಕ ಉರಿಸುತ್ತಾರೆ. ಅವನ ಅಪ್ಪ-ಅಮ್ಮ ಅವರ ಡಗ್‌ಔಟ್ ಹಿಂದೆ ಎಲ್ಲೋ ಕೂತಿರುತ್ತಾರೆ ಅಲ್ವಾ?

ಟೆಕ್ಸಸ್‌ನವರ ಬ್ಯಾಟಿಂಗ್ ಮುಗಿದು, ನಾಲ್ಕನೇ ಇನಿಂಗ್ಸಿಗೆ ಎದುರಾಳಿ ಬ್ಯಾಟ್ ಹಿಡಿದಿತ್ತು. ಪಕ್ಕದವರು ಮೊಣಕೈಯಿಂದ ನನ್ನನ್ನು ತಟ್ಟಿ ಬೋರ್ಡ್ ತೋರಿಸಿದರು. 'ಇ' ಮತ್ತೆ 0 ಆಗಿತ್ತು. ಟೆಕ್ಸಸ್‌ನ ಹಿಟ್ ಒಂದು ಜಾಸ್ತಿಯಾಗಿತ್ತು. ಅವರು ಪೆನ್ಸಿಲ್ ತಿರುಗಿಸಿ ರಬ್ಬರ್‌ನಿಂದ 'ಇ6' ಅಳಿಸಿ ಒಂದು ಗೆರೆ ಎಳೆದರು. ಮೇಲೆ ಗಾಜಿನ ಕೋಣೆಯ ಕಡೆ ಗಲ್ಲ ತೋರಿಸಿದರು.

ಅಲ್ಲಿ ಕೂತಿರೋದು ಅಧಿಕೃತ ಸ್ಕೋರರ್. ಅದು ಹಿಟ್ ಆಯಿತೋ ಎರರೋ ಅಂತ ತೀರ್ಮಾನಿಸೋದು ಅಂಪೈರ್ ಅಲ್ಲ, ಸ್ಕೋರರ್! ಓದುವಾಗ ಇದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಿಯಮದ ಪ್ರಕಾರ ಅಳತೆ ಇಷ್ಟೇ: ಆ ಜಾಗದ ಆಟಗಾರ ಸಾಮಾನ್ಯ ಪ್ರಯತ್ನದಲ್ಲಿ ಅದನ್ನು ಹಿಡಿದು ಔಟ್ ಮಾಡಬಹುದಿತ್ತೇ? ಹೌದಾದರೆ ಎರರ್. ಸಾಮಾನ್ಯಕ್ಕಿಂತ ಜಾಸ್ತಿ ಬೇಕಿತ್ತು ಅಂದ್ರೆ ಹಿಟ್. ಎರರ್ ಆದರೆ ಆ ರನ್ನು ಪಿಚರ್‌ನ ಲೆಕ್ಕಕ್ಕೆ ಬೀಳೋದಿಲ್ಲ. ಹಿಟ್ ಆದರೆ ಬೀಳುತ್ತದೆ. ಒಂದು ಗುರುತಿನಲ್ಲಿ ಮೂರು ಹುಡುಗರ ಲೆಕ್ಕ ಬದಲಾಗುತ್ತದೆ. ತೀರ್ಮಾನಿಸಿದವರು ಮತ್ತೊಮ್ಮೆ ನೋಡಿ, ಮನಸ್ಸು ಬದಲಾಯಿಸಿ, ಅಳಿಸಿಯೂ ಬರೆಯಬಹುದು.

28 ವರ್ಷದಲ್ಲಿ ನನ್ನ ಅಧಿಕಾರ ಅಂದ್ರೆ ಕೈ ಎತ್ತೋದು. ಅಂಪೈರ್ ಸನ್ನೆ ಮಾಡುತ್ತಾರೆ, ನಾವು ಕೈ ಎತ್ತಿ 'ಕಂಡಿತು' ಅನ್ನುತ್ತೇವೆ, ಬರೆಯುತ್ತೇವೆ. 1996ರಲ್ಲಿ ಒಂದು ಲೀಗ್ ಪಂದ್ಯ. ಕಾಲೇಜು ಹುಡುಗನೊಬ್ಬ ಚೆನ್ನಾಗಿ ಆಡುತ್ತಿದ್ದ. ಒಂದು ಚೆಂಡು ಬ್ಯಾಟಿನ ಒಳ ಅಂಚಿಗೆ ತಾಗಿ ಪ್ಯಾಡಿಗೆ ಬಡಿದು ಹೋಯಿತು. ಸದ್ದು ನನ್ನ ಟೇಬಲ್ಲಿನ ತನಕ ಕೇಳಿತು. ಒಂದು ರನ್ ಓಡಿದರು. ಅಂಪೈರ್ ಕಾಲೆತ್ತಿ ಮೊಣಕಾಲು ತಟ್ಟಿದರು. ಲೆಗ್ ಬೈ. ನಾನು ಕೈ ಎತ್ತಿದೆ, ಲೆಗ್ ಬೈ ಬರೆದೆ. ಹುಡುಗ ಆಮೇಲೆ ಔಟಾದಾಗ ಅವನ ಲೆಕ್ಕ 49. ಸಂಜೆ ಟೇಬಲ್ ಹತ್ತಿರ ಬಂದು ಹಾಳೆ ನೋಡಿದ. "ಸರ್, ಆ ಒಂದು…" ಅಂದ. ಮುಂದೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಅವನ ಮೊದಲ ಅರ್ಧಶತಕ ಆಗುತ್ತಿತ್ತು ಅಂತ ಬೇರೆಯವರಿಂದ ಗೊತ್ತಾಯಿತು.

ಇದನ್ನೆಲ್ಲ ಪಕ್ಕದವರಿಗೆ ಹೇಳಬೇಕು ಅನಿಸಿತು. ಆದರೆ ಲೆಗ್ ಬೈ ಅಂದ್ರೆ ಏನು ಅಂತ ಅವರಿಗೆ ವಿವರಿಸುವಷ್ಟರಲ್ಲಿ ಒಂಬತ್ತನೇ ಇನಿಂಗ್ಸ್ ಮುಗಿಯುತ್ತಿತ್ತು. ಸುಮ್ಮನಾದೆ. ನನ್ನ ಹಾಳೆಯ 'ಇ6' ಮೇಲೆ ಅಡ್ಡ ಗೆರೆ ಎಳೆದೆ. ಪೆನ್ನು, ಅಳಿಸೋಕೆ ಬರಲ್ಲ. ಕೆಳಗೆ ಹಿಟ್ ಗುರುತು ಹಾಕಿದೆ. ಮನೆ ಕಿಕ್ಕಿರಿದು ಹೋಯಿತು.

ಗಾಜಿನ ಕೋಣೆಯ ಸ್ಕೋರರ್ ಅಳಿಸಿದ್ದು ಸರಿಯೇ? ನನ್ನ ಪ್ರಕಾರ ಸರಿ. ಅಷ್ಟು ದೂರ ಓಡಿ ಅಡ್ಡಗೈಯಲ್ಲಿ ಹಿಡಿಯೋದು ಸಾಮಾನ್ಯ ಪ್ರಯತ್ನ ಅಲ್ಲ. ಮಗಳು ಮಾತ್ರ "ಗ್ಲೌಸಿಗೆ ತಾಗ್ತಲ್ಲ, ಹಿಡೀಬೇಕಿತ್ತು" ಅಂದಳು. ಅವಳು ಮೊದಲಿನಿಂದಲೂ ಕಟುಕಿ.

ನಾಲ್ಕನೇದರಲ್ಲಿ ಟೆಕ್ಸಸ್‌ಗೆ ಇನ್ನೊಂದು ರನ್ನು. ಐದನೇದರಲ್ಲಿ ಎದುರಾಳಿಗೆ ಒಂದು. ಆ ಐದನೇದರ ಎರಡನೇ ಭಾಗದಲ್ಲಿ ಟೆಕ್ಸಸ್‌ನವನು ಒಂದನೇ ಬೇಸಿನಲ್ಲಿದ್ದಾಗ ಚೆಂಡು ಮತ್ತೆ ಅದೇ ಶಾರ್ಟ್‌ಸ್ಟಾಪ್ ಕಡೆ ಹೋಯಿತು. ಈ ಸಲ ನೇರಕ್ಕೆ. ಅವನು ಬಗ್ಗಿದ್ದು ಕಂಡೆ, ಎದ್ದದ್ದು ಕಾಣಲಿಲ್ಲ. ಹಿಡಿದ ಕೈಯೇ ಎರಡನೇ ಬೇಸಿಗೆ ಚೆಂಡು ಜಾರಿಸಿಬಿಟ್ಟಿತ್ತು, ಅಲ್ಲಿಂದ ಒಂದನೇದಕ್ಕೆ. ಗೋಲಿ ಆಡುವ ಹುಡುಗರ ಕೈಯಲ್ಲಿ ಮಾತ್ರ ಆ ಚುರುಕು ನೋಡಿದ್ದೆ. 6-4-3. ನಾನು ಓದುತ್ತಾ ಕೂತ ಮೂರು ಅಂಕಿ, ಕಣ್ಣ ಮುಂದೆ. ಹಸಿರು ಪೆನ್ನಿನಲ್ಲಿ ಬರೆದೆ, ಸ್ವಲ್ಪ ದೊಡ್ಡದಾಗಿಯೇ ಬರೆದೆ. ಪಕ್ಕದವರು ಎದುರಾಳಿ ಹುಡುಗನಿಗೆ ಎರಡು ಚಪ್ಪಾಳೆ ತಟ್ಟಿದರು. ಎರಡೇ, ಮೂರನೇದು ತಟ್ಟಲಿಲ್ಲ.

ಆ ವಿರಾಮದಲ್ಲಿ ಅವರು 2009ರ ಕಥೆ ಹೇಳಿದರು. ಮೇ 30, ಇದೇ ಮೈದಾನ, ಎದುರಾಳಿ ಬಾಸ್ಟನ್ ಕಾಲೇಜು. ಒಂಬತ್ತು ಇನಿಂಗ್ಸಿಗೆ 2-2 ಸಮ. ಸಮ ಆದರೆ ಯಾರಾದರೂ ಗೆಲ್ಲುವ ತನಕ ಆಡಬೇಕು. ಆಡಿದರು. 25 ಇನಿಂಗ್ಸ್. ಏಳು ಗಂಟೆ ಮೂರು ನಿಮಿಷ. ಕೊನೆಗೆ ಟೆಕ್ಸಸ್ 3-2. ಕಾಲೇಜು ಬೇಸ್‌ಬಾಲ್‌ನಲ್ಲಿ ಅಷ್ಟು ಉದ್ದದ ಆಟ ಬೇರೆ ಇಲ್ಲ. ಆಸ್ಟಿನ್ ವುಡ್ ಅನ್ನೋ ಪಿಚರ್ ನಡುವೆ ಬಂದು 13 ಇನಿಂಗ್ಸ್, 169 ಎಸೆತ ಎಸೆದ. ಅದರಲ್ಲಿ ಹನ್ನೆರಡಕ್ಕೂ ಜಾಸ್ತಿ ಇನಿಂಗ್ಸ್ ಒಂದೂ ಹಿಟ್ ಕೊಡಲಿಲ್ಲ. ಒಬ್ಬ ಹುಡುಗನ ತೋಳಿಗೆ ಇದು ಜಾಸ್ತಿಯಾಯ್ತು ಅನ್ನೋದು ನನ್ನ ಲೆಕ್ಕ. ಆದರೆ ಕೇಳುವಾಗ ಮೈ ಜುಮ್ಮೆಂದದ್ದು ಸುಳ್ಳಲ್ಲ. "ನೀವು ಇದ್ರಾ?" ಅಂತ ಕೇಳಿದೆ. ಇದ್ದರು. ಬರೆದಿದ್ದರು. ಪುಸ್ತಕದಲ್ಲಿ ಮನೆಗಳು ಮುಗಿದು, ಮುಂದಿನ ಪುಟ ಮುಗಿದು, ಆಮೇಲೆ ತಿಂಡಿ ತಂದ ಕಾಗದದ ಚೀಲದ ಮೇಲೆ ಗೆರೆ ಎಳೆದುಕೊಂಡು ಬರೆದರಂತೆ. ಆ ಚೀಲ ಇನ್ನೂ ಮನೆಯಲ್ಲಿದೆಯಂತೆ.

ಇಂಥ ಮನುಷ್ಯನ ಪಕ್ಕ ಕೂರೋಕೆ 12,000 ಕಿಲೋಮೀಟರ್‌ಗಿಂತ ಜಾಸ್ತಿ ದೂರದಿಂದ ಬಂದದ್ದು ದಂಡ ಆಗಲಿಲ್ಲ.

ಆರನೇ ಇನಿಂಗ್ಸ್ ಶುರುವಾಗುವಾಗ ನನಗೆ ಶೇಂಗಾ ಬೇಕೆನಿಸಿತು. ಇಡೀ ಸ್ಟೇಡಿಯಂ ಶೇಂಗಾ ಬಿಡಿಸಿ ಸಿಪ್ಪೆ ಕಾಲ ಕೆಳಗೆ ಚೆಲ್ಲುತ್ತದೆ. ಯಾರೂ ಬೈಯೋದಿಲ್ಲ. ಆ ಚಟಚಟ ಕೇಳಿಕೇಳಿ ತಡೆಯಲಾಗಲಿಲ್ಲ. ಸ್ಕೋರರ್ ಜಾಗ ಬಿಟ್ಟು ಏಳಬಾರದು, ಗೊತ್ತು. 28 ವರ್ಷ ಎದ್ದಿರಲಿಲ್ಲ. ಆದರೆ ಇಲ್ಲಿ ನಾನು ಯಾರ ಸ್ಕೋರರ್? ಪಕ್ಕದವರು ಇದ್ದಾರೆ, ನೋಡಿ ಬರೆದುಕೊಂಡರಾಯ್ತು ಅಂತ ಎದ್ದೆ.

ಸಾಲು ಉದ್ದ. ಎದುರಾಳಿಯ ಮೂರು ಔಟ್ ನಾನು ಸಾಲಿನಲ್ಲಿದ್ದಾಗಲೇ ಮುಗಿದುಹೋಯಿತು. ಟೆಕ್ಸಸ್ ಶುರುವಾಯಿತು. ಒಂದು ಸಲ ಜನ "ಓ" ಅಂದರು, ಖುಷಿಯ ಓ ಅಲ್ಲ, ನೋವಿನದು. ಅದಾಗಿ ಸ್ವಲ್ಪ ಹೊತ್ತಿಗೆ 'ಟಣ್', ಆಮೇಲೆ ಕಾಂಕ್ರೀಟ್ ನಡುಗುವ ಹಾಗೆ ಕೂಗು. ಶೇಂಗಾ ಪೊಟ್ಟಣ ಹಿಡಿದು ಓಡಿ ಬಂದೆ. ಮೂರು ರನ್ನಿನ ಹೋಮ್ ರನ್, ಅಂದ್ರೆ ಚೆಂಡು ಬೇಲಿಯಾಚೆ, ಹೊಡೆದವನೂ ಬೇಸಿನಲ್ಲಿದ್ದ ಇಬ್ಬರೂ ಹೋಮ್‌ಗೆ. ಬೋರ್ಡಿನಲ್ಲಿ 6-2. ಎಲ್ಲರೂ ನಿಂತಿದ್ದರು. ಮೊಮ್ಮಗಳು ಕುರ್ಚಿಯ ಮೇಲೆ ಹತ್ತಿ ಎರಡೂ ಕೈಯಲ್ಲಿ ಕೊಂಬು ತೋರಿಸುತ್ತಿದ್ದಳು. ನನ್ನ ಅಂಗಿ ಎಳೆದು ಏನೋ ಹೇಳಿದಳು. "ಅಜ್ಜಾ, ಆ ಅಣ್ಣಗ ಬೆನ್ನಿಗೆ ಬಡೀತು, ಅಂವ ಅಳಲಿಲ್ಲ." ನಾನು "ಹೌದಾ ಪುಟ್ಟಿ" ಅಂದೆ. ಪಕ್ಕದವರ ಪುಸ್ತಕ ನೋಡಿ ಗಡಿಬಿಡಿಯಲ್ಲಿ ಬರೆದುಕೊಂಡೆ. ಅವರ ಪೆನ್ಸಿಲ್ ಗುರುತು ತೆಳು, ನನ್ನ ಕನ್ನಡಕ ಹಳೇದು, ಬಾಯಲ್ಲಿ ಶೇಂಗಾ.

ಏಳನೇ ಇನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಮೈಮುರಿದು ಹಾಡುತ್ತಾರೆ. ಎರಡೂವರೆ ಗಂಟೆ ಕೂತ ನನ್ನ ಸೊಂಟಕ್ಕೆ ಇದಕ್ಕಿಂತ ಒಳ್ಳೆಯ ಸಂಪ್ರದಾಯ ಬೇರೊಂದಿಲ್ಲ. ನಮ್ಮ ಟೆಸ್ಟ್ ಪಂದ್ಯಗಳಲ್ಲೂ ಇದನ್ನು ತರಬೇಕು.

ಎಂಟನೇದರಲ್ಲಿ ಎದುರಾಳಿಗೆ ಎರಡು ರನ್ನಿನ ಹೋಮ್ ರನ್ ಬಂತು. 6-4. ಒಂದಿಷ್ಟು ಹೊತ್ತು ಸ್ಟೇಡಿಯಂ ತಣ್ಣಗಾಯಿತು. ಒಂಬತ್ತನೇದಕ್ಕೆ ಟೆಕ್ಸಸ್ ಹೊಸ ಪಿಚರ್‌ನನ್ನು ಕರೆಸಿತು. ಕೊನೆಯ ಬ್ಯಾಟರ್ ಯಾರು ಅಂತೀರಿ? ನಮ್ಮ ಶಾರ್ಟ್‌ಸ್ಟಾಪ್. ಕಥೆ ಬರೆಯುವವರಿಗೆ ಇಲ್ಲೊಂದು ಹೋಮ್ ರನ್ ಬೇಕಾಗುತ್ತಿತ್ತು. ಅವನು ಎರಡು ಚೆಂಡು ಗೆರೆಯಾಚೆ ಹೊಡೆದು ಫೌಲ್ ಮಾಡಿ, ಮೂರನೇದಕ್ಕೆ ಬೀಸಿದ, ತಾಗಲಿಲ್ಲ. ಸಾದಾ 'ಕೆ'. ಡಗ್‌ಔಟ್ ಕಡೆ ನಡೆಯುತ್ತಾ ಬ್ಯಾಟನ್ನು ಎಸೆಯಲಿಲ್ಲ, ಹೆಲ್ಮೆಟ್ ಕುಕ್ಕಲಿಲ್ಲ. ತಂಡದವರ ಜೊತೆ ಸಾಲಾಗಿ ನಿಂತು ಕೈ ಕುಲುಕಿದ. ಟೆಕ್ಸಸ್ ಮುಂದಿದ್ದದ್ದರಿಂದ ಅವರು ಒಂಬತ್ತನೇದನ್ನು ಬ್ಯಾಟ್ ಮಾಡಲೇ ಇಲ್ಲ. ಆ ಸಾಲಿನ ಮನೆಗಳಿಗೆಲ್ಲ ಪಕ್ಕದವರು ಉದ್ದಕ್ಕೆ ಒಂದು ಗೀಟು ಹಾಕಿ ಪುಸ್ತಕ ಮುಚ್ಚಿದರು. ಕೈ ಕೊಟ್ಟರು. ಅವರ ಹೆಸರು ಕೇಳಬೇಕು ಅಂತ ಹೊಳೆದದ್ದು ಪಾರ್ಕಿಂಗ್‌ಗೆ ಬಂದ ಮೇಲೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಊಟದ ಟೇಬಲ್ ಮೇಲೆ ಹಾಳೆ ಹರಡಿಕೊಂಡೆ. ಲೆಕ್ಕ ತಾಳೆ ನೋಡದೆ ನಾನು ಮಲಗೋದಿಲ್ಲ. ಕ್ರಿಕೆಟ್‌ನಲ್ಲಿ ಬ್ಯಾಟರ್‌ಗಳ ರನ್ನು, ಎಕ್ಸ್‌ಟ್ರಾ ಸೇರಿ ಒಟ್ಟಿಗೆ ಸಮ ಬರಬೇಕು. ಇಲ್ಲೂ ಒಂದು ಸೂತ್ರ ಇದೆ. ಒಂದು ತಂಡದಿಂದ ಎಷ್ಟು ಸಲ ಬ್ಯಾಟರ್‌ಗಳು ಬಂದು ನಿಂತರೋ ಅದು, ಹೊಡೆದ ರನ್ನು, ಬೇಸ್‌ಗಳಲ್ಲಿ ಉಳಿದುಹೋದವರು, ಔಟಾದವರು, ಈ ಮೂರರ ಮೊತ್ತಕ್ಕೆ ಸಮ ಇರಬೇಕು. ಬಂದವನು ಮೂರರಲ್ಲಿ ಒಂದಾಗಲೇಬೇಕಲ್ಲ, ಮಾಯವಾಗೋಕಾಗಲ್ಲ.

ಎದುರಾಳಿದು ಮೊದಲ ಸಲಕ್ಕೇ ಕೂಡಿತು. 4 ರನ್ನು, 6 ಉಳಿದವರು, 27 ಔಟ್. ಒಟ್ಟು 37. ಬಂದವರೂ 37.

ಟೆಕ್ಸಸ್: 6 ರನ್ನು, 8 ಉಳಿದವರು, 24 ಔಟ್. 38 ಬರಬೇಕು. ನನ್ನ ಹಾಳೆಯಲ್ಲಿ 37. ಮತ್ತೆ ಎಣಿಸಿದೆ. 37. ತುಂಬಿದ ವಜ್ರಗಳನ್ನು ಎಣಿಸಿದರೆ ಐದೇ ಇವೆ. ಬೋರ್ಡಿನಲ್ಲಿ ಆರು ರನ್ನು, ನನ್ನ ಹುಡುಗರು ಹೊಡೆದದ್ದು ಐದು. ಒಬ್ಬ ಕಾಣೆ.

ಒಂದು ಗಂಟೆ ರಾತ್ರಿ. ಫ್ರಿಜ್ ಮಾತ್ರ ಗುಂಯ್ ಅನ್ನುತ್ತಿತ್ತು. ಬೆರಳಿಟ್ಟು ಒಂದೊಂದೇ ಮನೆ ನೋಡುತ್ತಾ ಹೋದೆ. ಆರನೇ ಇನಿಂಗ್ಸ್. ನಾಲ್ಕನೇ ಬ್ಯಾಟರ್ ಔಟ್, ಎಂಟನೇ ಫೀಲ್ಡರ್ ಕೈಗೆ. ಆರನೇ ಬ್ಯಾಟರ್ ಹೋಮ್ ರನ್. ನಡುವೆ ಐದನೆಯವನ ಮನೆ ಖಾಲಿ. ಬಿಳಿ. ಅದರ ಮೂಲೆಯಲ್ಲಿ ಶೇಂಗಾದ ಎಣ್ಣೆಯ ಬೆರಳಚ್ಚು ಮಾತ್ರ ಇತ್ತು.

ಬೆಳಿಗ್ಗೆ ಮೊಮ್ಮಗಳು ದೋಸೆ ತಿನ್ನುತ್ತಾ ಕೂತಿದ್ದಳು. ಹಾಳೆ ತಂದು ತೋರಿಸಿದೆ. "ಆರನೇ ಇನಿಂಗ್ಸಿನಾಗ ನಾ ಇಲ್ಲದಾಗ ಏನಾತು ಪುಟ್ಟಿ?"

"ನಾ ಹೇಳಿದ್ನೆಲ್ಲ ನಿನಗ! ಬೆನ್ನಿಗೆ ಬಡೀತು, ಒಂದನೇ ಬೇಸಿಗೆ ಹೋದ, ಆಮ್ಯಾಲೆ ಆ ಇನ್ನೊಬ್ಬ ಅಣ್ಣ ದೊಡ್ಡದು ಹೊಡದ, ಎಲ್ಲಾರೂ ಬಂದ್ರು. ನೀ ಶೇಂಗಾ ಬಿಡಿಸಾಕತ್ತಿದ್ದಿ."

ಪಿಚರ್ ಎಸೆದ ಚೆಂಡು ಮೈಗೆ ತಾಗಿದರೆ ಒಂದನೇ ಬೇಸ್ ಪುಕ್ಕಟೆ. ಸಾಲಿನಲ್ಲಿ ನಿಂತಾಗ ಕೇಳಿದ ಆ ನೋವಿನ ಓ.

"ಹಂಗಾರ ನೀನ ಬರಿ" ಅಂದೆ. ಪೆನ್ನುಗಳನ್ನು ಮುಂದಿಟ್ಟೆ. ಅವಳು ದೋಸೆಯ ಕೈಯನ್ನು ಅಂಗಿಗೆ ಒರೆಸಿಕೊಂಡು ಕೆಂಪು ಪೆನ್ನು ಎತ್ತಿಕೊಂಡಳು. ನಾನು ಆರನೇ ಇನಿಂಗ್ಸಿಗೆ ಬಳಸಿದ್ದು ನೀಲಿ. ಬಾಯಿಗೆ ಬಂತು, ಹೇಳಲಿಲ್ಲ. ನಾಲಿಗೆ ಹೊರಗೆ ಚಾಚಿ, ನಾಲ್ಕೂ ಗೆರೆ ಎಳೆದು ವಜ್ರ ತುಂಬಿಸಿದಳು. ಪಕ್ಕದಲ್ಲಿ ಒಂದು ಕಡ್ಡಿ ಮನುಷ್ಯ. ಅವನ ಬೆನ್ನ ಹಿಂದೆ ಒಂದು ಸಣ್ಣ ಚುಕ್ಕಿ.